ಹಸುಗೂಸಿನ ನಂಜು: ವಿಯೆನ್ನಾದಿಂದ ರಾಯಚೂರಿನವರೆಗೆ

ನಂಜು ಎಂಬುದು ನಮ್ಮ ಮನೆಮಾತಿನ ಪದ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ನಂಜಾಯಿತು ಎನ್ನುತ್ತೇವೆ. ಗಾಯ ಮಾಯುವತನಕ ಬದನೆಕಾಯಿ ಬೇಡ, ಅದು ನಂಜು ಎಂದು ಮನೆಯ ಹಿರಿಯರು ತಟ್ಟೆಯಿಂದ ತೆಗೆದಿಡುತ್ತಾರೆ. ವಿಷವನ್ನು ಕುಡಿದ ಶಿವನು ನಂಜುಂಡನಾದದ್ದೂ ಇದೇ ಪದದಿಂದ. ಗಾಯದ ಕೊಳೆತವನ್ನೂ ಮೈಗೇರುವ ವಿಷವನ್ನೂ ನಮ್ಮ ಹಿಂದಿನವರು ಒಂದೇ ಮಾತಿನಲ್ಲಿ ಹಿಡಿದಿದ್ದರು. ಗ್ರೀಕರ ‘ಸೆಪ್ಸಿಸ್’ ಎಂಬ ಮಾತಿಗೂ ಕೊಳೆಯುವುದು ಎಂದೇ ಅರ್ಥ. ವೈದ್ಯರು ಇಂದು ಬಳಸುವುದು ಈ ಗ್ರೀಕ್ ಪದವನ್ನು. ಈ ಲೇಖನದಲ್ಲಿ ನಾನು ಬಳಸುವುದು ಹೆಚ್ಚಾಗಿ ನಮ್ಮ ಪದವನ್ನು.

ಆದರೆ ಅರ್ಥವನ್ನು ತುಸು ಸ್ಪಷ್ಟ ಮಾಡಿಕೊಳ್ಳಬೇಕು. ರೋಗಾಣುಗಳು ಮೈಯನ್ನು ಹೊಕ್ಕಾಗ ದೇಹ ಅವುಗಳೊಡನೆ ಹೋರಾಡುತ್ತದೆ. ಕೆಲವೊಮ್ಮೆ ಆ ಹೋರಾಟವೇ ಹದ ತಪ್ಪುತ್ತದೆ. ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ, ರಕ್ತದ ಒತ್ತಡ ಕುಸಿಯುತ್ತದೆ, ಶ್ವಾಸಕೋಶ, ಮೂತ್ರಪಿಂಡ, ಮಿದುಳು ಒಂದರ ಹಿಂದೊಂದು ಸೋಲುತ್ತವೆ. ರೋಗಾಣುವಿಗಿಂತ ದೇಹದ ಈ ದಿಕ್ಕೆಟ್ಟ ಪ್ರತಿಕ್ರಿಯೆಯೇ ಪ್ರಾಣಕ್ಕೆ ಎರವಾಗುವ ಸ್ಥಿತಿಗೆ ಸೆಪ್ಸಿಸ್ ಎನ್ನಬೇಕೆಂದು 2016ರಲ್ಲಿ ತಜ್ಞರು ವ್ಯಾಖ್ಯೆ ಬರೆದರು. ಮಕ್ಕಳಿಗೆ ಹೊಂದುವ ಹೊಸ ಮಾನದಂಡ ಬರಲು 2024ರ ಜನವರಿಯವರೆಗೆ ಕಾಯಬೇಕಾಯಿತು. ಅದೂ ಆಗತಾನೆ ಹುಟ್ಟಿ ಇನ್ನೂ ಹೆರಿಗೆ ಆಸ್ಪತ್ರೆಯಲ್ಲೇ ಇರುವ ಶಿಶುಗಳಿಗೆ ಅನ್ವಯಿಸುವುದಿಲ್ಲ. ಅತಿ ಹೆಚ್ಚು ಅಪಾಯದಲ್ಲಿರುವವರೇ ವ್ಯಾಖ್ಯೆಯ ಹೊರಗೆ ಉಳಿದರು!

ಹಸುಗೂಸಿಗೆ ಅಪಾಯ ಹೆಚ್ಚೇಕೆ? ಅದರ ಚರ್ಮ ತೆಳುವು, ಹೊಕ್ಕುಳು ಹಸಿ ಗಾಯ. ರೋಗನಿರೋಧಕ ಪ್ರತಿಕಾಯಗಳು ತಾಯಿಯಿಂದ ಮಗುವಿಗೆ ಹರಿಯುವುದು ಬಸಿರಿನ ಕೊನೆಯ ತಿಂಗಳುಗಳಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಗಂಟು ಪೂರ್ತಿ ಸಿಕ್ಕಿರುವುದಿಲ್ಲ. ಇನ್ನೊಂದು ತೊಡಕೂ ಇದೆ. ದೊಡ್ಡವರಿಗೆ ನಂಜೇರಿದರೆ ಜ್ವರ ಬರುತ್ತದೆ, ನಡುಕ ಬರುತ್ತದೆ. ಕೂಸಿನ ಮೈ ಬಿಸಿಯಾಗುವ ಬದಲು ತಣ್ಣಗೂ ಆಗಬಹುದು. ಅದು ಅಳುವುದಿಲ್ಲ, ಮೊಲೆ ಹಿಡಿಯುವುದಿಲ್ಲ, ಸುಮ್ಮನೆ ಮಲಗುತ್ತದೆ. ಸುಮ್ಮನಿರುವ ಕೂಸನ್ನು ಕಂಡು ಮನೆಯವರು ನೆಮ್ಮದಿಯ ಉಸಿರು ಬಿಡುವುದೂ ಉಂಟು.

2017ನೇ ಇಸವಿಯೊಂದರಲ್ಲೇ ಪ್ರಪಂಚದಲ್ಲಿ 4 ಕೋಟಿ 89 ಲಕ್ಷ ಸೆಪ್ಸಿಸ್ ಪ್ರಕರಣಗಳು ಉಂಟಾದುವೆಂದೂ 1 ಕೋಟಿ 10 ಲಕ್ಷ ಜನ ಸತ್ತರೆಂದೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಪ್ರಕರಣಗಳಲ್ಲಿ ಸುಮಾರು 2 ಕೋಟಿ ಐದು ವರ್ಷದೊಳಗಿನ ಮಕ್ಕಳವು. ಸತ್ತ ಮಕ್ಕಳು 29 ಲಕ್ಷ. ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ 85ರಷ್ಟು ಇದ್ದದ್ದು ಹಿಂದುಳಿದ ಮತ್ತು ಮಧ್ಯಮ ಸ್ಥಿತಿಯ ದೇಶಗಳಲ್ಲಿ.

ಇಂಥ ದೊಡ್ಡ ಅಂಕಿಗಳು ಮನಸ್ಸಿಗೆ ನಾಟುವುದು ಕಷ್ಟ. ಆದ್ದರಿಂದ ಒಂದು ಊರಿನ ಅಳತೆಗೆ ಇಳಿಸಿ ನೋಡೋಣ. ರಾಯಚೂರು ಜಿಲ್ಲೆಯ ಪಾಮನಕಲ್ಲೂರನ್ನು ತೆಗೆದುಕೊಳ್ಳಿ. ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಗ ಮಸ್ಕಿ ತಾಲ್ಲೂಕಿನಲ್ಲಿರುವ ಊರು. ಮಸ್ಕಿಯೆಂದರೆ ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದ ಸ್ಥಳವೆಂದು ಪಾಠದಲ್ಲಿ ಓದಿರುತ್ತೀರಿ. ಇಂಥ ಊರಿನ ಒಂದು ಮನೆಯಲ್ಲಿ ಹತ್ತು ದಿನದ ಕೂಸು ರಾತ್ರಿ ಹಾಲು ಕುಡಿಯುವುದನ್ನು ಬಿಟ್ಟಿತೆಂದು ಕಲ್ಪಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆ ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ಇದೆ. ಹಸುಗೂಸುಗಳ ವಿಶೇಷ ಚಿಕಿತ್ಸೆಗೆ ಜಿಲ್ಲಾ ಕೇಂದ್ರವಾದ ರಾಯಚೂರಿಗೇ ಹೋಗಬೇಕಾಗಬಹುದು. ಗಂಡ ದುಡಿಯಲು ಬೆಂಗಳೂರಿಗೆ ಹೋಗಿರಬಹುದು, ಬಾಣಂತಿ ತವರಿನಲ್ಲಿರುತ್ತಾಳೆ, ಬೆಳಗಾಗಲಿ ನೋಡೋಣ ಎಂದು ಅಜ್ಜಿ ಹೇಳುತ್ತಾಳೆ. ನಂಜಿಗೆ ಬೆಳಗಿನವರೆಗೆ ಕಾಯುವ ಸ್ವಭಾವವಿಲ್ಲ. ಹಾಗಾದರೆ ಆ ರಾತ್ರಿ ಕೂಸನ್ನು ನೋಡಿ ‘ಇದು ನಂಜು’ ಎಂದು ಗುರುತಿಸುವವರು ಯಾರು? ಗುರುತಿಸಿದ ಮೇಲೆ ಮೊದಲ ಔಷಧ ಕೊಡುವವರು ಯಾರು? ಈ ರೋಗದ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ಚರಿತ್ರೆಯಾಗಿಯೇ ಓದಬಹುದು.

ಚರಿತ್ರೆಯ ಮೊದಲ ಅಂಕ ನಡೆದದ್ದು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ಹೆರಿಗೆ ಮಾಡಿಸುತ್ತಿದ್ದವರು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚಾಗಿದ್ದುದು ವೈದ್ಯರ ವಿಭಾಗದಲ್ಲಿ. ಆ ಕಡೆಗೆ ಹಾಕಬೇಡಿರೆಂದು ಬಸುರಿಯರು ಮೊಣಕಾಲೂರಿ ಬೇಡುತ್ತಿದ್ದರಂತೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಿದ್ದಾಗ, 1847ರಲ್ಲಿ ಅವನ ಸಹೋದ್ಯೋಗಿ ಕೊಲ್ಲೆಟ್‌ಷ್ಕಾ ಶವಪರೀಕ್ಷೆಯ ವೇಳೆ ಬೆರಳಿಗೆ ಚೂರಿ ತಗುಲಿ ಸತ್ತ. ಅವನ ದೇಹದಲ್ಲಿ ಕಂಡ ಚಿಹ್ನೆಗಳು ಬಾಣಂತಿಯರಲ್ಲಿ ಕಾಣುತ್ತಿದ್ದ ಚಿಹ್ನೆಗಳೇ. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದು ಬರಬೇಕೆಂದು ಸೆಮ್ಮೆಲ್‌ವೈಸ್ ಕಟ್ಟುನಿಟ್ಟು ಮಾಡಿದ. 1846ರಲ್ಲಿ ನೂರಕ್ಕೆ 11ನ್ನು ಮೀರಿದ್ದ ಸಾವು 1848ರಲ್ಲಿ ಒಂದಕ್ಕಿಂತ ತುಸು ಹೆಚ್ಚು ಎನ್ನುವಷ್ಟಕ್ಕೆ ಇಳಿಯಿತು.

ವೈದ್ಯಲೋಕ ಅವನ ಮಾತನ್ನು ಒಪ್ಪಲಿಲ್ಲ; 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ರೋಗಾಣು ಸಿದ್ಧಾಂತ, ಲಿಸ್ಟರನ ಕಾರ್ಬಾಲಿಕ್ ಆಮ್ಲ, ಪಾಶ್ಚರನು 1879ರಲ್ಲಿ ಬಾಣಂತಿ ಜ್ವರದ ಬ್ಯಾಕ್ಟೀರಿಯಾವನ್ನು ತೋರಿಸಿದ್ದು, ಇವೆಲ್ಲ ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲೇ ಇವೆ. ನನಗೆ ಇಲ್ಲಿ ಮುಖ್ಯವೆನಿಸುವುದು ಬೇರೊಂದು ಸಂಗತಿ. ನಮ್ಮ ದೇಶದ ಆರೋಗ್ಯ ವರದಿಗಳು ಬಹುಕಾಲ ಸೂಲಗಿತ್ತಿಯನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದುವು. ವಿಯೆನ್ನಾದ ಲೆಕ್ಕದಲ್ಲಿ ಅವಳ ಕೈಯೇ ಸುರಕ್ಷಿತವಾಗಿತ್ತು. ಪ್ರಶ್ನೆ ಇರುವುದು ಕೈ ಯಾರದು ಎಂಬುದರಲ್ಲಲ್ಲ, ಅದು ಎಲ್ಲಿಂದ ಬಂದಿತು ಎಂಬುದರಲ್ಲಿ.

ಔಷಧಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1935ರಲ್ಲಿ ಜರ್ಮನಿಯ ಡೋಮಾಕ್ ಪ್ರಕಟಿಸಿದ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣದ ಔಷಧ ಮೊದಲ ಬಾರಿಗೆ ರಕ್ತಕ್ಕೇರಿದ ನಂಜನ್ನು ಇಳಿಸಿ ತೋರಿಸಿತು. ಸೂಜಿ ಚುಚ್ಚಿ ನಂಜೇರಿದ ತನ್ನ ಮಗಳಿಗೇ ಅವನು ಅದನ್ನು ಕೊಡಬೇಕಾಗಿ ಬಂದಿತ್ತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದಿತು. ನಮ್ಮಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪನೆಯಾಯಿತು. 1963ರಲ್ಲಿ ಜೆಂಟಾಮೈಸಿನ್ ವರದಿಯಾಯಿತು. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅಗ್ಗದ ಔಷಧ, ದಿನಕ್ಕೊಂದು ಇಂಜೆಕ್ಷನ್. ಆದರೆ ಸೀಸೆಯಲ್ಲಿ ಔಷಧವಿರುವುದಕ್ಕೂ ಹತ್ತು ದಿನದ ಕೂಸಿನ ತೊಡೆಗೆ ಅದು ತಲುಪುವುದಕ್ಕೂ ನಡುವೆ ಮೂರು ದಶಕಗಳೇ ಕಳೆದುವು.

ಆ ನಡುವೆ ನಮ್ಮ ಕಡೆ ಏನು ನಡೆಯಿತು? ದೂರದರ್ಶನದವನಾಗಿ ಇಲ್ಲೊಂದು ಮಾತು ಸೇರಿಸಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು. ವಿದ್ಯುತ್ತೇ ಹೊಸದಾಗಿದ್ದ ಊರುಗಳಲ್ಲಿ ಜನ ಸಂಜೆ ಶಾಲೆಯ ಮುಂದೆ ಕುಳಿತು ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣದ ಕಾರ್ಯಕ್ರಮಗಳನ್ನು ನೋಡಿದರು. ಜಗತ್ತಿನ ಸಂಪರ್ಕ ಚರಿತ್ರೆಯಲ್ಲಿ ಅದೊಂದು ದೊಡ್ಡ ಸಾಹಸ. ಆದರೆ ತೆರೆ ಹೇಳಬಲ್ಲದು, ಕೊಡಲಾರದು. ಕೈ ತೊಳೆಯಿರೆಂದು ತೆರೆ ಹೇಳಿದರೆ ಸಾಬೂನು ಮನೆಯಲ್ಲಿರಬೇಕು. ಆಸ್ಪತ್ರೆಗೆ ಹೋಗಿರೆಂದು ಹೇಳಿದರೆ ಹೋಗಲು ಗಾಡಿ, ಹೋದಲ್ಲಿ ಔಷಧ ಇರಬೇಕು. ಸಂದೇಶವೇ ಸೇವೆಯೆಂದು ತಿಳಿಯುವ ಅಭ್ಯಾಸ ನಮ್ಮ ಮಾಧ್ಯಮದವರಲ್ಲಿ ಆಗಿನಿಂದಲೂ ಇದೆ.

ಹೆರಿಗೆಯ ವೇಳೆ ಕೈ, ಜಾಗ, ಬ್ಲೇಡು, ಹೊಕ್ಕುಳ ಕಟ್ಟುವ ದಾರ, ಹೊಕ್ಕುಳ ತುದಿ ಈ ಐದೂ ಶುಚಿಯಾಗಿರಬೇಕೆಂಬ ‘ಪಂಚ ಶುಚಿ’ಯ ಪಾಠವನ್ನು ಸೂಲಗಿತ್ತಿಯರಿಗೆ ಕಲಿಸುವ ಕೆಲಸ ನಡೆಯಿತು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ಯುವುದು, ಬೂದಿ, ಸಗಣಿ ಹಚ್ಚುವುದು ದೇಶದ ಹಲವೆಡೆ ಇದ್ದ ರೂಢಿ. ಬಸುರಿಯರಿಗೆ ಧನುರ್ವಾಯುವಿನ ಲಸಿಕೆ, ಶುಚಿಯಾದ ಹೆರಿಗೆ ಇವೆರಡರಿಂದ ನವಜಾತ ಶಿಶುವಿನ ಧನುರ್ವಾಯು ನಿರ್ಮೂಲನದ ಮಟ್ಟಕ್ಕೆ ಇಳಿದು, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮನ್ನಣೆ ಕೊಟ್ಟಿತು. ನಂಜಿನ ಈ ಒಬ್ಬ ಸೋದರನನ್ನು ನಾವು ಗೆದ್ದೆವು. ನಂಜು ಉಳಿಯಿತು.

ಎರಡನೆಯ ದೊಡ್ಡ ಅಂಕ ನಡೆದದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ, ಕಾಡಿನ ನಡುವಿನ ಹಳ್ಳಿಗಳಲ್ಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1986ರಲ್ಲಿ ಅಲ್ಲಿಗೆ ಹೋಗಿ ‘ಸರ್ಚ್’ ಎಂಬ ಸಂಸ್ಥೆ ಕಟ್ಟಿದರು. ಮೊದಲು ಅವರು ಕೈಗೆತ್ತಿಕೊಂಡದ್ದು ಮಕ್ಕಳ ನ್ಯುಮೋನಿಯಾ. ಕೂಸು ನಿಮಿಷಕ್ಕೆ ಎಷ್ಟು ಉಸಿರಾಡುತ್ತದೆಂದು ಎಣಿಸಿದರೆ ಈ ರೋಗವನ್ನು ಊಹಿಸಬಹುದು. ಆದರೆ ಐವತ್ತು, ಅರವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿ ಏನು ಮಾಡಬೇಕು? ಅವರು ಒಂದು ಹಲಗೆಗೆ ಸರಿಗೆಯಲ್ಲಿ ಮಣಿ ಪೋಣಿಸಿ, ಒಂದು ನಿಮಿಷದ ಮರಳುಗಡಿಯಾರ ಜೋಡಿಸಿ ಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿಯ ಸರದಿ ಬಂದರೆ ಔಷಧ ಕೊಡಬೇಕು. ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಈ ಉಪಕರಣ ಕಂಡಷ್ಟು ಸಂತೋಷ ದೊಡ್ಡ ಯಂತ್ರಗಳನ್ನು ಕಂಡಾಗ ಆಗುವುದಿಲ್ಲ.

ನಂಜಿನ ಕೆಲಸ ಶುರುವಾದದ್ದು ಆಮೇಲೆ. 39 ಹಳ್ಳಿಗಳಲ್ಲಿ, ಶಾಲೆಯಲ್ಲಿ ತುಸು ಓದಿದ ಹೆಂಗಸರನ್ನು ಆರಿಸಿ ತರಬೇತಿ ಕೊಟ್ಟರು. ಹೆರಿಗೆಯ ಹೊತ್ತಿಗೆ ಅವರು ಹಾಜರಿರಬೇಕು, ಮೊದಲ ತಿಂಗಳಲ್ಲಿ ಮತ್ತೆ ಮತ್ತೆ ಮನೆಗೆ ಹೋಗಿ ಕೂಸನ್ನು ತೂಗಬೇಕು, ಮೈ ಮುಟ್ಟಿ ನೋಡಬೇಕು, ಮೊದಲು ಚೆನ್ನಾಗಿ ಅಳುತ್ತಿದ್ದ ಕೂಸಿನ ಅಳು ಕ್ಷೀಣವಾಯಿತೇ, ಹಾಲು ಕುಡಿಯುವುದು ಕಡಿಮೆಯಾಯಿತೇ ಎಂದು ಗಮನಿಸಬೇಕು. ಇಂಥ ಚಿಹ್ನೆಗಳು ಕೂಡಿ ಕಂಡರೆ, ಆಸ್ಪತ್ರೆಗೆ ಹೋಗಲು ಹೇಳಬೇಕು. ಮನೆಯವರು ಹೋಗಲಾರೆವೆಂದರೆ ಅವರ ಒಪ್ಪಿಗೆ ಪಡೆದು, ಬಾಯಿಗೆ ಕೋಟ್ರೈಮಾಕ್ಸಜೋಲ್ ಹಾಕಿ, ತೊಡೆಗೆ ಜೆಂಟಾಮೈಸಿನ್ ಚುಚ್ಚಬೇಕು. ಹಳ್ಳಿಯ ಹೆಂಗಸು ಹಸುಗೂಸಿಗೆ ಇಂಜೆಕ್ಷನ್ ಕೊಡುವುದೆಂದರೇನು ಎಂದು ವೈದ್ಯವಲಯದಲ್ಲಿ ಆಕ್ಷೇಪ ಬಂದಿತು. 1999ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ನಂಜಾದ ಕೂಸುಗಳಲ್ಲಿ ಸಾಯುತ್ತಿದ್ದವು ನೂರಕ್ಕೆ 16.6, ಚಿಕಿತ್ಸೆ ಶುರುವಾದ ಮೇಲೆ 2.8. ಸಾವಿರ ಜನನಕ್ಕೆ 62 ಇದ್ದ ನವಜಾತ ಶಿಶುಮರಣ ಮೂರನೆಯ ವರ್ಷಕ್ಕೆ 25.5 ಆಯಿತು. ಹೋಲಿಕೆಗೆ ಇಟ್ಟುಕೊಂಡ ಅಕ್ಕಪಕ್ಕದ 47 ಹಳ್ಳಿಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹಳ್ಳಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲವೆಂಬ ಕೊರತೆಯನ್ನು ಸಂಖ್ಯಾಶಾಸ್ತ್ರ ಓದುವವರು ಹೇಳಬಹುದು, ಹೇಳಬೇಕು ಕೂಡ. ಆದರೆ ಫಲಿತಾಂಶದ ಗಾತ್ರ ಅಷ್ಟು ದೊಡ್ಡದಿತ್ತು.

ಬಂಗ್ ದಂಪತಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಪಟ್ಟಿಯಲ್ಲಿ ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರ ಹೆಸರೂ ಇತ್ತು. ಸಾವಿರಾರು ಹೆರಿಗೆಗಳನ್ನು ಕಾಸಿಲ್ಲದೆ ಮಾಡಿಸಿದ ಹಿರಿಯ ಜೀವ. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಗಡಚಿರೋಲಿಯ ಪಾಠ ದೇಶಕ್ಕೆ ತಲುಪಿದ್ದು ಅರ್ಧ ಮಾತ್ರ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರು ಬಂದರು. 2011ರಲ್ಲಿ ಮನೆ ಭೇಟಿಯ ಕಾರ್ಯಕ್ರಮ ಬಂದಿತು: ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಹೋಗಬೇಕು, ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ. ತೂಗುವ ಜೋಳಿಗೆ, ಥರ್ಮಾಮೀಟರ್, ಗಡಿಯಾರ ಅವಳಿಗೆ ದೊರೆತುವು. ಸಿರಿಂಜು ದೊರೆಯಲಿಲ್ಲ. ಆಸ್ಪತ್ರೆಗೆ ಒಯ್ಯಲು ಸಾಧ್ಯವಾಗದ ಸಂದರ್ಭದಲ್ಲಿ ಉಪಕೇಂದ್ರದ ನರ್ಸಮ್ಮ, ಅಂದರೆ ಎ.ಎನ್.ಎಂ., ಎರಡು ತಿಂಗಳೊಳಗಿನ ಕೂಸಿಗೆ ಜೆಂಟಾಮೈಸಿನ್ ಕೊಡಬಹುದೆಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು 2014ರಲ್ಲಿ. ಲ್ಯಾನ್ಸೆಟ್ಟಿನ ಲೇಖನದಿಂದ ಈ ಕಾಗದಕ್ಕೆ ಬರಲು ಹದಿನಾಲ್ಕು ವರ್ಷ!

ನಮ್ಮ ರಾಜ್ಯ ಸುಮ್ಮನೆ ಕುಳಿತಿರಲಿಲ್ಲ. ಬಾಣಂತಿಗೂ ಕೂಸಿಗೂ ಬಟ್ಟೆ, ಸಾಬೂನು, ಸೊಳ್ಳೆಪರದೆ ಮೊದಲಾದುವನ್ನು ಕೊಡುವ ‘ಮಡಿಲು’ ಕಿಟ್ 2007ರಲ್ಲಿ ಬಂದಿತು. ಅದೇ ವರ್ಷ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ರಾಯಚೂರೂ ಸೇರಿದಂತೆ ಉತ್ತರದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಯೋಜನೆ ನರ್ಸುಗಳ ತರಬೇತಿಗೆ ಕೈಹಾಕಿತು. 2000ದಲ್ಲಿ ಸಾವಿರಕ್ಕೆ 57 ಇದ್ದ ಕರ್ನಾಟಕದ ಶಿಶುಮರಣ 2020ಕ್ಕೆ 19ಕ್ಕೆ ಇಳಿಯಿತು. ಆದರೆ ಸರಾಸರಿ ಎಂಬುದು ಬೆಂಗಳೂರನ್ನೂ ರಾಯಚೂರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ವರದಿಗಳು 2011-12ರಲ್ಲಿ ರಾಜ್ಯವನ್ನೇ ಕಲಕಿದುವು. ಹೈಕೋರ್ಟಿನಲ್ಲಿ ವಿಷಯ ಬಂದು ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ನೇತೃತ್ವದ ಸಮಿತಿ ಪರಿಹಾರಗಳನ್ನು ಸೂಚಿಸಿತು. ಹಸಿವಿಗೂ ನಂಜಿಗೂ ಒಳನಂಟು ಉಂಟು. ಸೊರಗಿದ ಮಗುವಿನ ದೇಹ ಜ್ವರವನ್ನೇ ಹುಟ್ಟಿಸಲಾರದು, ಹಾಗಾಗಿ ನಂಜು ಕಣ್ಣಿಗೆ ಬೀಳುವುದು ತಡ. ನಂಜು ತಗುಲಿದ ಮಗು ಉಣ್ಣಲಾರದು, ಮತ್ತಷ್ಟು ಸೊರಗುತ್ತದೆ.

ಇಷ್ಟು ಹೇಳಿದ ಮೇಲೆ, ಶ್ರೀಮಂತ ದೇಶಗಳಲ್ಲಿ ನಡೆಯುವ ಚಿಕಿತ್ಸೆಯನ್ನು ಹಾಗೆಯೇ ತಂದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಆಫ್ರಿಕದಿಂದ ಬೆಚ್ಚಿಬೀಳಿಸುವ ಉತ್ತರ ಬಂದಿತು. ನಂಜಿನಿಂದ ರಕ್ತಸಂಚಾರ ಕುಸಿದ ಮಗುವಿಗೆ ಸಲೈನನ್ನು ಭರದಿಂದ ಏರಿಸಬೇಕೆಂಬುದು ಪಶ್ಚಿಮದ ಪಠ್ಯಪುಸ್ತಕಗಳ ವಿಧಿ. ಕೀನ್ಯಾ, ಉಗಾಂಡ, ಟಾಂಜಾನಿಯಗಳ ಆಸ್ಪತ್ರೆಗಳಲ್ಲಿ ಕ್ಯಾಥರಿನ್ ಮೇಟ್‌ಲ್ಯಾಂಡ್ ಮತ್ತು ಸಂಗಡಿಗರು 3,141 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ‘ಫೀಸ್ಟ್’ ಎಂಬ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಭರದಿಂದ ದ್ರವ ಏರಿಸಿದ ಗುಂಪುಗಳಲ್ಲಿ 48 ತಾಸಿನೊಳಗೆ ಸತ್ತವರು ನೂರಕ್ಕೆ 10.5ರ ಆಸುಪಾಸು. ನಿಧಾನವಾಗಿ ಕೊಟ್ಟ ಗುಂಪಿನಲ್ಲಿ 7.3. ಉಸಿರಾಟದ ಯಂತ್ರವಿಲ್ಲದ ಕಡೆ, ಮಲೇರಿಯಾ ಮತ್ತು ರಕ್ತಹೀನತೆ ತುಂಬಿದ ಕಡೆ, ಆ ವಿಧಿಯೇ ಮುಳುವಾಗಿತ್ತು. ಸಲೈನ್ ಹಾಕಿದರೇ ವೈದ್ಯ ಎಂದು ನಂಬುವ ನಮ್ಮ ಹಳ್ಳಿಗಳಲ್ಲಿ ಈ ಸುದ್ದಿಯನ್ನು ಡಂಗುರ ಸಾರಬೇಕಿತ್ತು.

ಕನ್ನಡನಾಡಿನ ಒಂದು ಪ್ರಯೋಗವೂ ಇಂಥದ್ದೇ ಅಚ್ಚರಿ ತಂದಿತು. ಹೆರಿಗೆ ನೋವು ಬಂದಾಗ ತಾಯಿಗೆ ಅಜಿತ್ರೋಮೈಸಿನ್ ಎಂಬ ಪ್ರತಿಜೀವಕವನ್ನು ಒಂದೇ ಸಲ 2 ಗ್ರಾಂ ನುಂಗಿಸಿದರೆ ತಾಯಿಗೂ ಕೂಸಿಗೂ ನಂಜು ತಪ್ಪೀತೇ? ಏಳು ದೇಶಗಳ 29,278 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಇನ್ನೊಂದು ನಾಗಪುರ. 2023ರಲ್ಲಿ ಫಲಿತಾಂಶ ಬಂದಾಗ ತಾಯಂದಿರಲ್ಲಿ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿದಿತ್ತು. ಕೂಸುಗಳಲ್ಲಿ? ಗರ್ಭದಲ್ಲೇ ಸಾವು, ಹುಟ್ಟಿದ ಮೇಲಿನ ಸಾವು, ನಂಜು ಕೂಡಿ ಔಷಧ ಕೊಟ್ಟ ಕಡೆ 10.5, ಕೊಡದ ಕಡೆ 10.3. ಏನೂ ವ್ಯತ್ಯಾಸವಿಲ್ಲ. ಕೂಸಿನ ನಂಜು ತಾಯಿಯ ನಂಜಿನ ಬಾಲವಲ್ಲ, ಅದಕ್ಕೆ ಬೇರೆಯೇ ದಾರಿಗಳಿವೆ ಎಂಬ ಅನುಮಾನ ಇದರಿಂದ ಬಲವಾಯಿತು.

ಆ ದಾರಿಗಳಲ್ಲಿ ಒಂದು ಆಸ್ಪತ್ರೆಯೇ ಆಗಿರಬಹುದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿ, ರಕ್ತದಲ್ಲಿ ಮುಖ್ಯವಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ-ಕೋಲಿ ಎಂದಿತು. ಹಲವು ಔಷಧಗಳಿಗೆ ಬಗ್ಗದ ತಳಿಗಳು ಅವುಗಳಲ್ಲಿ ವಿಪರೀತವಾಗಿದ್ದುವು. ನಂಜಾದ ಕೂಸುಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಅದು ಕಂಡದ್ದು ಹುಟ್ಟಿದ ಮೂರು ದಿನದೊಳಗೆ. ನೆಗಡಿಗೂ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವ ನಮ್ಮ ಅಭ್ಯಾಸದ ಸಾಲವನ್ನು ಮೂರು ದಿನದ ಕೂಸು ತೀರಿಸುತ್ತಿದೆ. ಹೆರಿಗೆಗೆ ಆಸ್ಪತ್ರೆಗೆ ಬನ್ನಿರೆಂದು ಹಳ್ಳಿಯವರನ್ನು ಕರೆದದ್ದು ಸರಿಯೇ. ಕರೆದ ಮೇಲೆ ವಿಯೆನ್ನಾದ ಪ್ರಶ್ನೆಗೆ ನಮ್ಮ ಹೆರಿಗೆ ವಾರ್ಡುಗಳೂ ಉತ್ತರಿಸಬೇಕು. ಕೊಳಾಯಿಯಲ್ಲಿ ನೀರಿದೆಯೇ, ಒಂದು ಮಂಚಕ್ಕೆ ಎಷ್ಟು ಕೂಸು, ಒಬ್ಬ ನರ್ಸಿಗೆ ಎಷ್ಟು ಮಂಚ?

ಪಾಮನಕಲ್ಲೂರಿನ ಮನೆಯಲ್ಲಿ ಆ ರಾತ್ರಿ ನೋಡಬೇಕಾದ್ದು ಏನೆಂಬುದು ಈಗ ತಿಳಿದಿದೆ. ಭಾರತವೂ ಸೇರಿ ಆರು ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ಎಳೆಗೂಸುಗಳ ಅಧ್ಯಯನ 2008ರಲ್ಲಿ ಏಳು ಚಿಹ್ನೆಗಳನ್ನು ಆರಿಸಿ ಕೊಟ್ಟಿತು. ಹಾಲು ಕುಡಿಯಲು ತೊಡಕು, ಸೆಳವು, ಮುಟ್ಟಿ ಎಬ್ಬಿಸಿದರಷ್ಟೇ ಅಲುಗಾಡುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಹೋಗುವುದು, ಮೈಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ಅಥವಾ 35.5ಕ್ಕಿಂತ ಕೆಳಗಿಳಿಯುವುದು. ಯಾವುದೇ ಒಂದು ಕಂಡರೂ ಬೆಳಗಿಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಇದಕ್ಕೆ ರಕ್ತಪರೀಕ್ಷೆ ಬೇಡ, ಥರ್ಮಾಮೀಟರ್ ಮತ್ತು ಗಡಿಯಾರ ಸಾಕು. ಅಕ್ಕನ ಬಾಣಂತನ ನಡೆಯುತ್ತಿರುವ ಮನೆಯ ಒಂಬತ್ತನೇ ತರಗತಿ ಹುಡುಗಿಯೂ ನೋಡಿ ಹೇಳಬಲ್ಲಳು.

ರಾಯಚೂರಿನ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಕಳೆದ ದಶಕದಲ್ಲಿ ನಡೆದ ಕೆಲಸವೊಂದು ಉಳಿದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಆರೋಗ್ಯ ಇಲಾಖೆಯೊಡನೆ ಸೇರಿ ಅಲ್ಲಿ ಕಾಂಗರೂ ತಾಯಿ ಆರೈಕೆಯನ್ನು ಇಡೀ ಜಿಲ್ಲೆಗೆ ಹರಡಲು ಹೊರಟರು. ಕಡಿಮೆ ತೂಕದ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಆನಿಸಿ ಬಟ್ಟೆಯಿಂದ ಕಟ್ಟುವ ಈ ಕ್ರಮ 1978ರಲ್ಲಿ ಕೊಲಂಬಿಯದ ಬೊಗೊಟಾ ನಗರದಲ್ಲಿ, ಗಾಜಿನ ಪೆಟ್ಟಿಗೆಗಳು ಸಾಲದೆ ಹೋದಾಗ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ನಾಲ್ಕು ಆಫ್ರಿಕನ್ ದೇಶಗಳಲ್ಲಿ 3,211 ಕೂಸುಗಳ ಮೇಲೆ ನಡೆಸಿದ, 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆಯೇ ಹೀಗೆ ಎದೆಗಾನಿಸಿದವುಗಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12.0, ಮೈ ಸ್ಥಿಮಿತಕ್ಕೆ ಬಂದ ಮೇಲೆ ಆನಿಸಿದವುಗಳಲ್ಲಿ 15.7. ನಂಜಿನ ಶಂಕೆಯೂ ಮೊದಲ ಗುಂಪಿನಲ್ಲೇ ಕಡಿಮೆ. ಕೂಸು ತಾಯಿಯ ಮೈಬಿಸಿಯಲ್ಲಿರುತ್ತದೆ, ಮೊಲೆಹಾಲು ಬೇಗ ಸಿಗುತ್ತದೆ, ಹತ್ತು ಜನರ ಕೈ ಬದಲಾಗುವುದು ತಪ್ಪುತ್ತದೆ. ದಿನಕ್ಕೆ ಎಂಟು ತಾಸಿಗೂ ಮೀರಿ ಹೀಗೆ ಕೂರಬೇಕೆಂದರೆ ಹೊಲದ ಕೆಲಸ, ಅಡಿಗೆ, ಹಿರಿಯ ಮಗುವಿನ ಸ್ನಾನ ಯಾರು ನೋಡಬೇಕೆಂಬುದು ಮನೆಮನೆಯಲ್ಲೂ ಏಳುವ ಮಾತು. ತಾಯಿ ಏಳಬೇಕಾದಾಗ ಕೂಸನ್ನು ಅಜ್ಜಿ ಎದೆಗೆ ಕಟ್ಟಿಕೊಳ್ಳಬಹುದು, ಅಂಗಿ ಬಿಚ್ಚಿ ಅಪ್ಪನೂ ಕಟ್ಟಿಕೊಳ್ಳಬಹುದು.